ಬೈರಾಸು ಹಾಕಿದ ಸೀಟು

ಕೇಳಬೇಕಾದದ್ದು ಒಂದೇ ಮಾತು. ಅದು ಬೆಳಗಿನಿಂದ ರಾಜೇಂದ್ರನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ಸಿಕ್ಕಿಕೊಂಡಿತ್ತು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು. ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಳ್ಳುತ್ತ ಆ ಮಾತನ್ನು ನಾನಾ ನಮೂನೆಯಲ್ಲಿ ಆಡಿ ನೋಡಿದ್ದ. 'ಸಾರ್, ನಮ್ಮದೊಂದು ಹುಡುಗಿ ಉಂಟು' ಎಂದರೆ ಸಂಬಂಧ ಕುದುರಿಸಲು ಬಂದವನ ಹಾಗೆ ಕೇಳಿಸುತ್ತಿತ್ತು. 'ಸಾರ್, ತಮ್ಮಿಂದ ಒಂದು ಉಪಕಾರ ಆಗಬೇಕು' ಎಂದರೆ ಕೈಗಡಕ್ಕೆ ಬಂದವನ ಹಾಗೆ. 'ಸಾರ್, ಮೈ ಡಾಟರ್ ಮೆಕ್ಯಾನಿಕಲ್' ಎಂದು ಇಂಗ್ಲಿಷಿನಲ್ಲಿ ಹೊರಟರೆ ಮಗಳಿಗೇ ಏನೋ ರಿಪೇರಿ ಬಂದಿದೆ ಎಂಬ ಹಾಗೆ. ಹೊರಗಿನಿಂದ ಹೆಂಡತಿ ಸುಗುಣ, "ಹ್ವಾಯ್, ಬಚ್ಚಲಂಗೆ ಯಾರಿಗ್ ಟಿಕೆಟ್ ಕೊಡ್ತಿದ್ರಿ? ಹಂಡೆ ಖಾಲಿ ಆಯ್ತ್, ಲಾಸ್ಟ್ ಸ್ಟಾಪ್ ಬಂತ್, ಇಳೀರಿ ಇನ್" ಎಂದು ಕೂಗಿದಾಗ, ಒಳಗಿದ್ದವನಿಗೆ ಮೈಯೆಲ್ಲ ಬೆತ್ತಲೆಯಾದ ಹಾಗಾಯಿತು. ಬೆತ್ತಲೆಯಾಗಿಯೇ ಇದ್ದ, ಅದು ಬೇರೆ ಮಾತು. ಊರ ಜನಕ್ಕೆಲ್ಲ 'ಒಳಗೆ ಹೋಗಿ, ಹಿಂದೆ ಹೋಗಿ' ಎಂದು ದಿನವಿಡೀ ಗದರುವ ಬಾಯಿ, ಒಬ್ಬ ಮನುಷ್ಯನ ಹತ್ತಿರ ಒಂದು ಮಾತು ಕೇಳುವುದಕ್ಕೆ ಹೀಗೆ ಒಣಗುತ್ತದಲ್ಲ ಎಂದು ತನ್ನ ಬಾಯಿಯ ಮೇಲೆಯೇ ಅವನಿಗೆ ಸಿಟ್ಟು ಬಂತು.

ಬ್ರಹ್ಮಾವರದ ನಿಲ್ದಾಣದಲ್ಲಿ 'ಅನಿಷಾ' ಹೊಗೆ ಬಿಡುತ್ತ ನಿಂತಿದ್ದಳು. ಬಸ್ಸಿನ ಮಾಲಕರಾದ ಭೋಜರಾಜ ಶೆಟ್ಟರ ಮಗಳ ಹೆಸರು ಅದು. ಅವಳ ಹಿಂದೆ, ಮೂತಿಗೆ ಮೂತಿ ತಾಗುವ ಹಾಗೆ, ಇನ್ನೊಬ್ಬ ಮಾಲಕರ ಮಗಳು 'ತನ್ವಿ' ನಿಂತಿದ್ದಳು. ಬ್ರಹ್ಮಾವರದಿಂದ ಶಿರೂರಿನವರೆಗೆ ಈ ಇಬ್ಬರು ಹೆಣ್ಣುಮಕ್ಕಳು ಒಬ್ಬಳನ್ನೊಬ್ಬಳು ಹಿಂದೆ ಹಾಕುತ್ತ, ಕೆಸರು ಹಾರಿಸುತ್ತ, ಗಿರಾಕಿಗಳನ್ನು ಕಸಿಯುತ್ತ ಓಡುವುದೇ ರಾಜೇಂದ್ರನ ಜೀವನ. 'ಅನಿಷಾಕ್ಕೆ ಡೀಸೆಲ್ ಕುಡ್ಸಿ', 'ಅನಿಷಾದ ಹಿಂದಿನ ಟಯರ್ ಸವೆದಿತ್ತ್' ಎಂದು ಕೂಗಿ ಕೂಗಿ, ಒಮ್ಮೆ ಶೆಟ್ಟರ ನಿಜವಾದ ಮಗಳು ಮದುವೆಮನೆಯಲ್ಲಿ ಎದುರಾದಾಗ ಅವನ ಕಣ್ಣು ತನ್ನಷ್ಟಕ್ಕೆ ಅವಳ ಕಾಲಿನ ಕಡೆ ಹೋಗಿ, ಅವನು ನಾಚಿಕೆಯಿಂದ ಸತ್ತಿದ್ದ. ಯಾರ ಯಾರ ಮಗಳಂದಿರ ಹೊಟ್ಟೆಯೊಳಗೋ ನಿಂತು ಟಿಕೆಟ್ ಹರಿಯುವವನ ಮಗಳ ಹೆಸರಿನಲ್ಲಿ ಒಂದು ಸೈಕಲ್ಲೂ ಇಲ್ಲ. ಟೈಮಿಂಗಿನ ವಿಷಯದಲ್ಲಿ ಕುಂದಾಪುರದ ನಡುರಸ್ತೆಯಲ್ಲಿ ಒಮ್ಮೆ ಕಾಲರ್ ಹಿಡಿದುಕೊಂಡ ಮೇಲೆ, ತನ್ವಿಯ ಕಂಡಕ್ಟರ್ ಪ್ರವೀಣನಿಗೂ ಇವನಿಗೂ ಮಾತಿರಲಿಲ್ಲ. ಅಂಥವನು ಈ ಹೊತ್ತು ಹಲ್ಲು ಕಿರಿಯುತ್ತ ಬಂದು, "ರಾಜೇಂದ್ರಣ್ಣ, ಮಗಳ್ ಹ್ಯಾಂಗಿತ್ತ್?" ಎಂದು ಕೇಳಿದ. ಎಂದೂ ಇಲ್ಲದ ಈ ಪ್ರೀತಿಯ ಒಳಗೆ ಯಾವ ಮೊಳೆ ಇದೆಯೋ ಎಂದು ರಾಜೇಂದ್ರ ಯೋಚಿಸುತ್ತಲೇ ಬಸ್ಸು ಹತ್ತಿ, ಬೆವರು ಒರೆಸುವ ಕೆಂಪು ಬೈರಾಸನ್ನು ಹೆಗಲಿನಿಂದ ತೆಗೆದು ಡ್ರೈವರನ ಹಿಂದಿನ ಸೀಟಿನ ಮೇಲೆ ಹಾಸಿದ.

ಬೈರಾಸು ಬಿದ್ದ ಸೀಟು ಎಂದರೆ ಈ ದಾರಿಯಲ್ಲಿ ದೇವರು ಕೂತ ಹಾಗೆ. ಅದರ ಮೇಲೆ ಯಾರೂ ಕೂರುವುದಿಲ್ಲ, ಯಾಕೆಂದು ಯಾರೂ ಕೇಳುವುದಿಲ್ಲ. ಕೇಳುತ್ತಿದ್ದವನು ದುಗ್ಗಪ್ಪ ಒಬ್ಬನೇ. ಯಡ್ತರೆಯಲ್ಲಿ ಗೂಡಂಗಡಿ ಇಟ್ಟುಕೊಂಡ ಮುದುಕ. ರಾತ್ರಿ ಬ್ರಹ್ಮಾವರದ ಮಗಳ ಮನೆಯಲ್ಲಿ ಮಲಗಿ, ಬೆಳಿಗ್ಗೆ ಮೊದಲ ಗಿರಾಕಿಯಾಗಿ ಬಸ್ಸು ಹತ್ತುವವನು. ಅವನ ಎಡಗಾಲು ಮಡಚುವುದಿಲ್ಲ. ಬಸ್ಸಿನಲ್ಲಿ ಕಾಲು ನೀಡಿ ಕೂರಬಹುದಾದ ಸೀಟು ಅದೊಂದೇ ಆದ್ದರಿಂದ ಅದು ಅವನದೇ ಎಂದು ಎಷ್ಟೋ ವರ್ಷಗಳಿಂದ ಎಲ್ಲರೂ ಒಪ್ಪಿದ್ದರು. ಈಗ ಅವನು ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ, ಕಾಲನ್ನು ಮುರಿದ ಛತ್ರಿಯ ಹಾಗೆ ಓರೆಯಾಗಿ ಇಟ್ಟುಕೊಂಡು ಕೂರುತ್ತಾನೆ. ಇವತ್ತೂ ಹತ್ತುವಾಗ ಬೈರಾಸನ್ನು ನೋಡಿ, "ಎಂತ ರಾಜೇಂದ್ರ, ನಿನ್ನ್ ಎಂಜಿನಿಯರ್ರಿಗೆ ಹಾಸ್ಗಿ ಹಾಸಿ ಆಯ್ತಾ? ತಲೆದಿಂಬು ಬೇಕಾರ್ ಹೇಳ್, ನನ್ ಕಾಲ್ ಕೊಡ್ತೆ, ಮರದ್ ಹಾಂಗೇ ಇತ್ತ್" ಎಂದ. ರಾಜೇಂದ್ರ ಕೇಳಿಸದವನಂತೆ ವಿಸಿಲ್ ಊದಿದ. ಇವತ್ತೊಂದು ದಿನ, ದುಗ್ಗಪ್ಪಣ್ಣ, ಇವತ್ತು ಕೇಳಿಬಿಟ್ಟರೆ ನಾಳೆಯಿಂದ ಸೀಟು ನಿಮ್ಮದೇ ಎಂದು ಮನಸ್ಸಿನಲ್ಲೇ ಅಂದುಕೊಂಡ. ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೆ ಟಿಕೆಟ್ ಇಲ್ಲ; ಹಾಗಾಗಿ ಸಂಕ್ರಾಂತಿ ಕಳೆದಂದಿನಿಂದ ದಿನಾ ಅದನ್ನೇ ಅಂದುಕೊಳ್ಳುತ್ತಿದ್ದ.

ಸಾಲಿಗ್ರಾಮದಲ್ಲಿ ಎಂಜಿನಿಯರರು ಹತ್ತಿದರು. ನುಣ್ಣಗೆ ಹೊಳೆಯುವ ತಲೆ, ದಪ್ಪ ಕನ್ನಡಕ, ಕುತ್ತಿಗೆಯಲ್ಲಿ ನೀಲಿ ಪಟ್ಟಿಯ ಕಾರ್ಡು, ಬ್ಯಾಗಿಗೆ ಸಿಕ್ಕಿಸಿದ ಬಿಳಿ ಹೆಲ್ಮೆಟ್ಟು. ಮೊದಲ ದಿನ ಹೀಗೆಯೇ ಹತ್ತಿ, ಶಿರೂರಿನ ಈಚೆಗೆ ದೋಣಿಗಳಿಗೆ ಪಂಪು, ಗೇರ್‌ಬಾಕ್ಸು ಮಾಡುವ ಕಂಪನಿ ಇದೆಯಲ್ಲ, ಅದರ ಗೇಟಿಗೆ ಟಿಕೆಟ್ ಕೇಳಿದ್ದರು. "ಎಂಜಿನಿಯರ್ರಾ ಸಾರ್?" ಎಂದು ಇವನು ಕೇಳಿದ್ದಕ್ಕೆ ಅವರು ಯಾಕೋ ಕಿಟಕಿಯ ಕಡೆ ನೋಡಿ, "ಹ್ಞಾಂ, ಹಾಗೇ" ಎಂದಿದ್ದರು. ದೊಡ್ಡವರ ವಿನಯ! ರಾಜೇಂದ್ರನಿಗೆ ಎದೆ ತುಂಬಿಬಂದು, ಆ ಭರದಲ್ಲಿ ದುಗ್ಗಪ್ಪನ ಭುಜ ತಟ್ಟಿ, "ಹಿಂದ್ ಹೋಯಿನಿ ಮರಾಯ್ರೆ, ಸಾರ್ ಕೂಕಣ್ಲಿ" ಎಂದಿದ್ದ. ದುಗ್ಗಪ್ಪ ಒಂದೂ ಮಾತಾಡದೆ ಸರಳು ಹಿಡಿದು, ಕಾಲನ್ನು ಎಳೆದುಕೊಂಡು ಎದ್ದ. ಅವನ ಮಾತುಗಳೆಲ್ಲ ಬಂದದ್ದು ಆಮೇಲೆ. ಆ ಹೊತ್ತಿನಲ್ಲಿ ಬಂದದ್ದು ಬಸ್ಸಿನ ನೆಲದ ಮೇಲೆ ಕಾಲು ಎಳೆದ ಸದ್ದು ಮಾತ್ರ. ಅದು ಈಗಲೂ ಕೆಲವೊಮ್ಮೆ, ಊಟಕ್ಕೆ ಕೂತಾಗ, ತಟ್ಟೆಯನ್ನು ಸರಿಸಿದ ಸದ್ದಿನೊಳಗಿಂದ ಎದ್ದು ಬರುತ್ತದೆ.

ಹಾಗೆ ತಟ್ಟೆ ಸರಿಸಿದ ಒಂದು ದಿನವೇ ಮಗಳು ಪ್ರೇಕ್ಷಾ ಇಂಟರ್ನ್‌ಶಿಪ್ಪಿನ ವಿಷಯ ಹೇಳಿದ್ದು. ಬೇಸಿಗೆ ರಜೆಯಲ್ಲಿ ಯಾವುದಾದರೂ ಕಂಪನಿಯಲ್ಲಿ ಕೆಲಸ ಕಲಿಯಬೇಕು, ಕಲಿಸುತ್ತೇವೆಂದು ಕಂಪನಿಯವರು ಬರೆದುಕೊಡಬೇಕು, ಇಲ್ಲದಿದ್ದರೆ ವರ್ಷ ಮುಂದೆ ಹೋಗುವುದಿಲ್ಲ. ಸಂಬಳ ಎಷ್ಟು ಎಂದು ಸುಗುಣ ಕೇಳಿದಳು. ಸಂಬಳ ಇಲ್ಲ. ಬಿಟ್ಟಿ ದುಡಿಯುವುದಕ್ಕೆ ಇಷ್ಟು ಪೈಪೋಟಿಯಾ ಎಂದು ರಾಜೇಂದ್ರನಿಗೆ ತಲೆ ತಿರುಗಿತು. ಊರಿನಲ್ಲಿ ಬಿಟ್ಟಿ ಕೆಲಸಕ್ಕೆ ಕರೆದರೆ ನಾಯಿಯೂ ಬಾಲ ಅಲ್ಲಾಡಿಸುವುದಿಲ್ಲ, ಇಲ್ಲಿ ಮೆರಿಟ್ಟಿನಲ್ಲಿ ಪಾಸಾದ ಮಕ್ಕಳು ಸಾಲುಗಟ್ಟಿ ನಿಂತಿದ್ದಾರೆ. ಎಷ್ಟೋ ಕಡೆಗೆ ಮೇಲ್ ಕಳಿಸಿದ್ದೇನೆ, ಯಾರೂ ಉತ್ತರ ಕೊಡುವುದಿಲ್ಲ ಎಂದು ಪ್ರೇಕ್ಷಾ ಸಾರಿನಲ್ಲಿ ಬೆರಳು ಆಡಿಸುತ್ತ ಹೇಳಿದಾಗ ಅವನಿಗೆ ಬೆನ್ನುಮೂಳೆ ನೆಟ್ಟಗಾಯಿತು. "ಅಷ್ಟೇಯಾ? ನಾ ಮಾಡ್ಸಿ ಕೊಡ್ತೆ. ಕಂಪನಿ ಎಂಜಿನಿಯರ್ ದಿನಾ ನನ್ನ್ ಬಸ್ಸಂಗೇ ಹೋಪುದ್. ನಾ ಹಾಸಿದ್ ಬೈರಾಸಿನ್ ಮೇಲೇ ಕೂಕಂಬುದ್!" ಮಗಳು ಅವನನ್ನು ಒಂದು ಗಳಿಗೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಅದಕ್ಕೆ ಅನ್ನ ಹಾಕಿ ಮುಚ್ಚಿಕೊಂಡಳು. ಆಮೇಲೆ ಒಮ್ಮೆಯೂ ಕೇಳಲಿಲ್ಲ. ಕೇಳದಿರುವುದೇ ನಂಬಿಕೆ ಎಂದುಕೊಂಡು ರಾಜೇಂದ್ರ ಸುಖಪಟ್ಟಿದ್ದ. ಮಗಳ ಓದಿನಲ್ಲಿ ಅವನು ಇದುವರೆಗೆ ಮಾಡಿದ ಕೆಲಸವೆಂದರೆ ಸಹಿ ಹಾಕಿದ್ದು. ಅದನ್ನೂ ಅವಳು ಬೆರಳಿಟ್ಟು ತೋರಿಸಿದ ಜಾಗದಲ್ಲಿ. ಈ ಒಂದು ಕೆಲಸ ತನ್ನಿಂದ ಆಗಬೇಕು, ಅಪ್ಪಯ್ಯ ಮಾಡಿಸಿಕೊಟ್ಟದ್ದು ಎಂದು ಅವಳು ಯಾರ ಹತ್ತಿರವಾದರೂ ಒಮ್ಮೆ ಹೇಳಬೇಕು. ಕಾಲೇಜಿನವರು ಕೊಟ್ಟ ಗಡುವು ಈ ಶನಿವಾರ. ಇವತ್ತು ಗುರುವಾರ.

ಕುಂದಾಪುರ ದಾಟಿದ ಮೇಲೆ ಕೇಳೋಣ ಎಂದುಕೊಂಡಿದ್ದ. ಕುಂದಾಪುರದಲ್ಲಿ ಜನ ಮುಗಿಬಿದ್ದು, ಒಬ್ಬಳು ಮೀನಿನ ಬುಟ್ಟಿಯ ನೀರನ್ನು ಎಂಜಿನಿಯರರ ಬೂಟಿನ ಮೇಲೆ ಸುರಿಸಿ, ಅದನ್ನು ಒರೆಸುವುದರಲ್ಲೇ ಹೆಮ್ಮಾಡಿ ಬಂತು. ತ್ರಾಸಿಯಲ್ಲಿ ಕೇಳೋಣ ಎಂದರೆ ಅವರು ಕಣ್ಣು ಮುಚ್ಚಿದ್ದರು. ನಿದ್ದೆಯಲ್ಲಿ ಬಾಯಿ ಸ್ವಲ್ಪ ತೆರೆದು, ಮಗುವಿನ ಮುಖವಾಗಿತ್ತು. ಇಂಥ ತಲೆಗೆ ಇಂಥ ಮುಖ ಹೇಗೆ ಬಂತು ಎಂದು ಅವನು ಒಂದು ಕ್ಷಣ ಬೆರಗಾದ. ಮರವಂತೆಯಲ್ಲಿ ಕಡಲಿನ ಗಾಳಿ ಒಳಗೆ ನುಗ್ಗಿ ಬೈರಾಸಿನ ಅಂಚು ಪಟಪಟಿಸಿತು; ಎಷ್ಟೋ ವರ್ಷಗಳ ಹಿಂದೆ ಒಂದು ದಿನ ಭೋಜರಾಜ ಶೆಟ್ಟರ ಮನೆಯಂಗಳದಲ್ಲೂ ಹೀಗೆಯೇ ಗಾಳಿಯಿತ್ತು, ಕಾರಿನ ಶೆಡ್ಡಿನ ಮೇಲೆ ತಗಡು ಹೀಗೆಯೇ ಪಟಪಟ ಎನ್ನುತ್ತಿತ್ತು. ಪ್ರೇಕ್ಷಾಳನ್ನು ಹೊಸ ಶಾಲೆಗೆ ಸೇರಿಸುವುದಕ್ಕೆ ಒಂದು ದಿನದ ರಜೆ ಕೇಳಲು ಹೋಗಿದ್ದ. ಚಂದದ ಲಂಗ ಹಾಕಿಸಿ ಅವಳನ್ನೂ ಕರೆದೊಯ್ದಿದ್ದ, ಮಗುವಿನ ಮುಖ ನೋಡಿಯಾದರೂ ಶೆಟ್ಟರು ಇಲ್ಲ ಎನ್ನಲಿಕ್ಕಿಲ್ಲ ಎಂಬ ಲೆಕ್ಕಾಚಾರದಲ್ಲಿ. ಶೆಟ್ಟರು ಫೋನಿನಲ್ಲಿ ಮಾತಾಡುತ್ತಲೇ ಹೊರಗೆ ಬಂದು, ಇವನನ್ನು ಕಂಡು, "ಹ್ಞಾ, ಬಂದ್ಯಾ, ಇದನ್ನ್ ಹಿಡ್ಕೋ" ಎಂದು ತಮ್ಮ ನಾಯಿಯ ಸರಪಳಿಯನ್ನು ಕೈಗಿತ್ತು ಒಳಗೆ ಹೋದರು. ಕರುವಿನಷ್ಟು ಎತ್ತರದ ನಾಯಿ. ಅದು ಇವನನ್ನು ಮೂಸಿ, ಇಂಥವರನ್ನು ಎಷ್ಟೋ ಕಂಡಿದ್ದೇನೆ ಎಂಬಂತೆ ಕಾಲ ಬುಡದಲ್ಲಿ ಮಲಗಿತು. ಬಿಸಿಲು ಅಂಗಳದ ಈ ತುದಿಯಿಂದ ಆ ತುದಿಗೆ ಹೋಯಿತು. ಕೊನೆಗೆ ಶೆಟ್ಟರು ಬಂದು ಸರಪಳಿ ತೆಗೆದುಕೊಂಡು, "ಎಂತ ಬಂದದ್ದ್?" ಎಂದಾಗ ರಾಜೇಂದ್ರ, "ಎಂತ ಇಲ್ಲ ಶೆಟ್ರೆ, ಸುಮ್ನೆ" ಎಂದ. ದಾರಿಯಲ್ಲಿ ಮಗಳು, "ಅಪ್ಪಯ್ಯ, ಆ ನಾಯಿ ನಮ್ದಾ?" ಎಂದು ಕೇಳಿದಳು. ಶಾಲೆಗೆ ಸುಗುಣ ಒಬ್ಬಳೇ ಹೋಗಿ ಸೇರಿಸಿ ಬಂದಳು.

"ಟಿಕೆಟ್ ಕೊಡಾ ಮರಾಯ, ನಾವುಂದ ಬಂತ್" ಎಂದು ಯಾರೋ ತಿವಿದರು. ಆ ತಿವಿತಕ್ಕೋ, ನಾಯಿಯ ನೆನಪಿಗೋ, ರಾಜೇಂದ್ರ ಸೀದಾ ಮುಂದೆ ಹೋಗಿ ಸರಳು ಹಿಡಿದು ನಿಂತ. ಅಭ್ಯಾಸ ಮಾಡಿದ ವಾಕ್ಯಗಳೆಲ್ಲ ಬಚ್ಚಲಿನ ನೀರಿನೊಂದಿಗೇ ಹರಿದುಹೋಗಿದ್ದವು. "ಸಾರ್, ನನ್ ಮಗಳಿಗ್ ನಿಮ್ಮ್ ಕಂಪನಿಯಂಗೆ ಒಂದ್ ಇಂಟರ್ನ್‌ಶಿಪ್ ಕೊಡ್ಸ್ಕ್ ಸಾರ್. ನಿಮ್ಮ್ ಒಂದ್ ಮಾತ್ ಸಾಕ್" ಎಂದು, ಬಸ್ಸಿನ ಸದ್ದನ್ನು ಮೀರಿಸಲು ಹೋಗಿ, 'ಯಡ್ತರೆ ಇಳಿಯುವವರು ಮುಂದೆ ಬನ್ನಿ' ಎನ್ನುವ ದನಿಯಲ್ಲಿ ಕೂಗಿಬಿಟ್ಟ. ಎದೆಯ ಹತ್ತಿರ ಎರಡೂ ಕೈ ತಾವಾಗಿಯೇ ಕೂಡಿಕೊಂಡವು. ನಡುವೆ ಟಿಕೆಟಿನ ಕಟ್ಟು ಇದ್ದುದರಿಂದ ಹೂ ಹಿಡಿದ ಭಕ್ತನಂತೆ ಕಂಡ. ಇಡೀ ಬಸ್ಸು ಇತ್ತ ತಿರುಗಿತು.

ಎಂಜಿನಿಯರರ ಮುಖ ಕಿವಿಯಿಂದ ನೆತ್ತಿಯವರೆಗೆ ಕೆಂಪಾಯಿತು. ಕೂದಲು ಅಡ್ಡ ಇಲ್ಲದ್ದರಿಂದ ಕೆಂಪು ಏರಿದ್ದು ಪೂರ್ತಿ ಕಂಡಿತು. "ಅಣ್ಣಾ," ಎಂದರು ಮೆತ್ತಗೆ, "ಕೈ ಕೆಳಗೆ ಮಾಡಿ ಅಣ್ಣಾ. ನಾನೇ ಇಂಟರ್ನ್."

"ಎಂತ?"

"ನಾನೇ ಇಂಟರ್ನ್. ಗುರುಪ್ರಸಾದ್ ಅಂತ. ಇನ್ನೂ ಫೈನಲ್ ಇಯರ್. ಹೆಲ್ಮೆಟ್ಟು ಕಂಪನಿಯದ್ದು, ತಲೆ ನಮ್ಮ ಅಪ್ಪಯ್ಯನ ಬದಿಯಿಂದ ಬಂದದ್ದು." ಅವನು ಬೈರಾಸಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ಮೊದಲ ದಿನವೇ ಹೇಳುವಾ ಅಂತ ಇದ್ದೆ. ಅಷ್ಟರಲ್ಲಿ ನೀವು ಸೀಟು ಕೊಟ್ಟುಬಿಟ್ಟಿರಿ. ಆಮೇಲೆ ದಿನಾ ಸಾರ್ ಸಾರ್ ಅಂದಿರಿ. ಕಂಪನಿಯಲ್ಲಿ ನನ್ನನ್ನು ಎಲ್ಲರೂ ಏ ಅಂತ ಕರೆಯುವುದು. ದಿನದಲ್ಲಿ ಒಂದು ಸಲ ಸಾರ್ ಅನ್ನಿಸಿಕೊಳ್ಳುವುದು ಈ ಬಸ್ಸಿನಲ್ಲಿ ಮಾತ್ರ."

ಹಿಂದಿನ ಚಕ್ರದ ಮೇಲಿನಿಂದ ದುಗ್ಗಪ್ಪನ ನಗು ಎದ್ದಿತು. ಮೊದಲು ಕೆಮ್ಮಿನಂತೆ ಶುರುವಾಗಿ, ಆಮೇಲೆ ಗೇರು ಹಾಕಿ, ಘಟ್ಟ ಹತ್ತಿ, ಕೊನೆಗೆ ಇಡೀ ಬಸ್ಸನ್ನು ಹತ್ತಿಸಿಕೊಂಡು ಓಡಿತು. "ಹೋಯ್ ರಾಜೇಂದ್ರ! ಮಕ್ಕಳ ಸೀಟಿಗ್ ಅಜ್ಜನ್ನ ಎಬ್ಸಿದ್ಯಲ್ಲಾ! ನಂಗೆ ಮೊದ್ಲೇ ಗೊತ್ತಿತ್ತ್, ಅವ ನನ್ನ್ ಅಂಗ್ಡಿಯಂಗೆ ಕಡ್ಲೆ ಮಿಠಾಯಿ ಸಾಲ ಹೇಳಿದ್ದ!" ಮೀನಿನ ಬುಟ್ಟಿಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುಡ್ಡ ಎಂಬ ಹೆಸರಿನ ಡ್ರೈವರ್ ಕನ್ನಡಿಯಲ್ಲಿ ಹಲ್ಲು ತೋರಿಸಿ ಸುಮ್ಮನೆ ಎರಡು ಸಲ ಹಾರ್ನ್ ಹೊಡೆದ. ತನ್ನನ್ನು ನೋಡಿ ನಗುತ್ತಿರುವ ಇವರಿಗೆಲ್ಲ ಟಿಕೆಟ್ ಕೊಟ್ಟದ್ದು ತಾನೇ ಎಂಬುದು ಆ ಗದ್ದಲದೊಳಗೆ ರಾಜೇಂದ್ರನಿಗೆ ಬಹಳ ಸ್ಪಷ್ಟವಾಗಿ ಹೊಳೆಯಿತು. "ನಿಮಗೆ ಹ್ಯಾಂಗ್ ಸಿಕ್ಕಿತ್ ಅಲ್ಲಿ?" ಎಂದು ಕೇಳಿದ. ಸಾರ್ ಎಂಬುದು ನಾಲಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. "ಗೇಟಿನಲ್ಲಿ ಹೋಗಿ ಕೇಳಿದೆ, ಅಷ್ಟೇ. ಶ್ರೀವಾಣಿ ಮೇಡಂ ಅಂತ ಇದ್ದಾರೆ. ಈ ಹೊತ್ತಿಗೆ ಗೇಟಿನ ಹತ್ತಿರವೇ ಇರುತ್ತಾರೆ" ಎಂದ ಹುಡುಗ.

ಯಡ್ತರೆಯಲ್ಲಿ ದುಗ್ಗಪ್ಪ ಇನ್ನೂ ನಗುತ್ತಲೇ ಇಳಿದ. ಕಂಪನಿಯ ಗೇಟು ಬಂದಾಗ ರಾಜೇಂದ್ರ ವಿಸಿಲ್ ಊದಿ, ಗುರುಪ್ರಸಾದನ ಹಿಂದೆಯೇ ತಾನೂ ಇಳಿದ. "ಹ್ವಾಯ್, ನೀ ಎಲ್ಲಿಗಾ? ತನ್ವಿ ಹಿಂದೆ ಬತ್ತಿತ್ತ್!" ಎಂದು ಗುಡ್ಡ ಕೂಗಿದ. ಬರಲಿ. ಈ ದಾರಿಯಲ್ಲಿ ಮಗನ ಮದುವೆಯ ಕಾಗದ ಹಂಚಲಿಕ್ಕೂ ಬಸ್ಸು ನಿಲ್ಲಿಸಿದವರಿಲ್ಲ, ರಾಜೇಂದ್ರ ನಿಲ್ಲಿಸಿದ. ಖಾಕಿ ಅಂಗಿ, ಹೆಗಲಿಗೆ ಚಿಲ್ಲರೆ ಗಲಗಲ ಎನ್ನುವ ಚೀಲ, ಬೆರಳುಗಳ ಸಂದಿಯಲ್ಲಿ ಮಡಚಿದ ನೋಟುಗಳು. ಗೇಟಿನ ಒಳಗೆ ಲಾರಿಯೊಂದರ ಸಾಮಾನು ಇಳಿಸುತ್ತಿದ್ದವರ ನಡುವೆ, ಅವನ ಮಗಳಿಗಿಂತ ಹೆಚ್ಚೆಂದರೆ ನಾಲ್ಕೈದು ವರ್ಷ ದೊಡ್ಡವಳಾದ ಹೆಂಗಸೊಬ್ಬಳು ಇವನನ್ನು ಕಂಡು, "ಏನು, ಬಸ್ ಹಾಳಾಯ್ತಾ? ನಮ್ಮಲ್ಲಿ ದೋಣಿಯ ಸ್ಪೇರ್ ಮಾತ್ರ ಇರೋದು" ಎಂದಳು.

"ಬಸ್ ಸರಿಯುಂಟು ಮೇಡಂ. ನನ್ನ ಮಗಳು. ಮೆಕ್ಯಾನಿಕಲ್. ಪ್ರೇಕ್ಷಾ ಅಂತ ಹೆಸರು. ಒಂದು ಇಂಟರ್ನ್‌ಶಿಪ್..."

"ಪ್ರೇಕ್ಷಾನಾ? ಬ್ರಹ್ಮಾವರದ ಹುಡುಗಿ?" ಮೇಡಂ ಕೈಯಲ್ಲಿದ್ದ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡಳು. "ಅವಳದ್ದು ಆಯ್ತಲ್ಲ. ಸೋಮವಾರವೇ ಬಂದಿದ್ದಳು. ನಾನು ಜಾಗ ಇಲ್ಲ ಅಂದೆ. ಹೊರಟವಳು ಅಲ್ಲಿ ಪಂಪ್ ಟೆಸ್ಟ್ ಮಾಡ್ತಿದ್ದದ್ದನ್ನು ನೋಡಿ, ಅದು ಯಾಕೆ ಹಾಗೆ ನಡುಗ್ತದೆ ಅಂತ ಕೇಳಿದಳು. ಕೇಳಿದವಳು ಮಧ್ಯಾಹ್ನದವರೆಗೂ ಹೋಗಲೇ ಇಲ್ಲ. ಬೇರೆ ದಾರಿ ಕಾಣದೆ ಬರೆದುಕೊಟ್ಟೆ. ಬರುವ ಸೋಮವಾರ ಸೇರ್ತಾಳೆ. ನಿಮಗೆ ಹೇಳಲಿಲ್ವಾ?"

ಹೇಳಿದಳು, ಹೇಳಿದಳು, ನಾನೇ ಮರೆತೆ ಎಂದು ರಾಜೇಂದ್ರ ತಲೆಯಾಡಿಸಿದ. ಸೋಮವಾರ ಅವಳು ತನ್ನ ಬಸ್ಸು ಹತ್ತಿರಲಿಲ್ಲ. ಬ್ರಹ್ಮಾವರದಿಂದ ಇಲ್ಲಿಗೆ ಹಾರಿಕೊಂಡು ಬರಲು ಆಗುವುದಿಲ್ಲ. ಹಾಗಾದರೆ ಯಾವ ಬಸ್ಸು? ಅದೇ ಹೊತ್ತಿಗೆ ಹಿಂದಿನಿಂದ ತನ್ವಿ ಧೂಳೆಬ್ಬಿಸುತ್ತ ಅನಿಷಾಳನ್ನು ದಾಟಿದಳು. ಬಾಗಿಲಿನಲ್ಲಿ ನೇತಾಡುತ್ತಿದ್ದ ಪ್ರವೀಣ ಕಂಪನಿಯ ಗೇಟನ್ನು ನೋಡಿದ, ಇವನನ್ನು ನೋಡಿದ, ನಕ್ಕು ಹೆಬ್ಬೆರಳು ಎತ್ತಿ ತೋರಿಸಿದ. ಬೆಳಗಿನ ಆ ಹಲ್ಲುಕಿರಿತದ ಅರ್ಥ ಆಗ ಆಯಿತು. ಮಗಳಿಗೆ ಇಂಟರ್ನ್‌ಶಿಪ್ ಸಿಕ್ಕಿತೆಂಬ ಸಂತೋಷ ಎಲ್ಲೋ ಕೆಳಗಿನ ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದು ನಿಂತಿತ್ತು. ಅದನ್ನು ಹತ್ತಿಸಿಕೊಳ್ಳದೆ ಅವನ ಮನಸ್ಸು ಸೀದಾ ಮುಂದೆ ಓಡಿತು. ಬೇರೆ ಏನನ್ನಾದರೂ ಸಹಿಸಬಹುದು. ಕಂಡಕ್ಟರನ ಮಗಳು ಎದುರಾಳಿಯ ಬಸ್ಸಿನಲ್ಲಿ ಹೋಗುವುದೆಂದರೆ!

ಶಿರೂರಿನಲ್ಲಿ ಗುಡ್ಡ ಚಾ ಕುಡಿಯಲು ಇಳಿದಾಗ ಅವನು ಖಾಲಿ ಬಸ್ಸಿನಲ್ಲಿ ಕೂತು ಫೋನ್ ಮಾಡಿದ. ಬೈಯಬೇಕೆಂದು ಮಾಡಿದ ಫೋನು. ಅತ್ತ ಕಡೆ ಅವಳು ಎತ್ತಿದಾಗ, "ನಾ ಗೇಟಿಗ್ ಹೋಯಿದ್ದೆ" ಎಂದಷ್ಟೇ ಬಂತು.

"ಶನಿವಾರ ರಾತ್ರಿ ಹೇಳ್ಕ್ ಅಂದೇಳಿ ಇದ್ದೆ ಅಪ್ಪಯ್ಯ. ನೀವ್ ಅಷ್ಟ್ ಖುಷಿಯಂಗೆ ಇದ್ದ್ರಿ."

"ಎಂತಕ್ಕೆ ಹೇಳ್ದೆ ಹೋದದ್ದ್? ನಾ ಕೇಳ್ತೆ ಅಂದಿದ್ದೆ ಅಲ್ದಾ?"

"ಅದಕ್ಕೇ" ಎಂದಳು. "ಶೆಟ್ರ ನಾಯಿ ನೆನ್ಪ್ ಇತ್ತಾ ನಿಮಗೆ?"

ಆ ನಾಯಿ ಸತ್ತು ಎಷ್ಟೋ ಕಾಲವಾಗಿತ್ತು. ಅದರ ಸರಪಳಿ ಮಾತ್ರ ಇವಳ ಕೈಯಲ್ಲಿ ಇಷ್ಟು ವರ್ಷ ಇತ್ತೆಂದು ಅವನಿಗೆ ಗೊತ್ತಿರಲಿಲ್ಲ. ತನ್ನದೇ ಕೈಯಲ್ಲಿದೆ ಎಂದುಕೊಂಡಿದ್ದ. ಕಿಟಕಿಯ ಹೊರಗೆ ಗುಡ್ಡ ಚಾಕ್ಕೆ ಉಫ್ ಉಫ್ ಎಂದು ಊದುತ್ತಿದ್ದ. ಬೈಯಲು ತಂದ ಮಾತುಗಳನ್ನೆಲ್ಲ ಹುಡುಕಿದರೆ ರಾಜೇಂದ್ರನ ಬಾಯಿಗೆ ಸಿಕ್ಕಿದ್ದು ಒಂದೇ. "ಆ ತನ್ವಿಯಂಗೆ ನಿಂಗೆ ಕೂಕಂಬುಕಾರೂ ಸೀಟ್ ಸಿಕ್ತಾ?"

"ಸಿಕ್ತ್. ಪ್ರವೀಣಣ್ಣ ಕೊಡ್ಸಿದ್ರ್. ಡ್ರೈವರ್ ಹಿಂದಿನ್ ಸೀಟ್."

"ಯಾರನ್ನ ಎಬ್ಸಿ?"

"ಒಂದ್ ಅಜ್ಜಿನ" ಎಂದಳು ಪ್ರೇಕ್ಷಾ. "ನಾ ಕೂಕಂಡಿಲ್ಲ. ನಿತ್ಕಂಡೇ ಹೋದೆ."

ಮಧ್ಯಾಹ್ನದ ಟ್ರಿಪ್ಪಿನಲ್ಲಿ ದುಗ್ಗಪ್ಪ ಅಂಗಡಿ ಮುಚ್ಚಿ ಯಡ್ತರೆಯಲ್ಲಿ ಹತ್ತಿದ. ಡ್ರೈವರನ ಹಿಂದಿನ ಸೀಟಿನ ಮೇಲೆ ಏನೂ ಇರಲಿಲ್ಲ. ಬೈರಾಸು ರಾಜೇಂದ್ರನ ಹೆಗಲಿನಲ್ಲಿತ್ತು. ಮುದುಕ ಸೀಟನ್ನು ನೋಡಿದ, ಇವನನ್ನು ನೋಡಿದ. "ಎಂತ, ಎಂಜಿನಿಯರ್ರ್ ಕೆಲ್ಸ ಬಿಟ್ರಾ?"

"ಸೋಮವಾರದಿಂದ ಬೇರೆ ಎಂಜಿನಿಯರ್ ಬತ್ತ್" ಎಂದ ರಾಜೇಂದ್ರ. "ಅದ್ ನಿತ್ಕಂಡೇ ಹೋಪುದ್. ನೀವ್ ಕೂಕಣಿ."

ದುಗ್ಗಪ್ಪ ಕೂತ. ಕಾಲನ್ನು ಎರಡೂ ಕೈಯಿಂದ ಎತ್ತಿ, ತನ್ನ ಆಸ್ತಿಯ ಬೇಲಿ ಹಾಕುವವನ ಹಾಗೆ, ನಡುವಿನ ದಾರಿಗೆ ಉದ್ದಕ್ಕೆ ಚಾಚಿದ. ಉಪ್ಪುಂದದಲ್ಲಿ ಜನ ತುಂಬಿದರು. ಟಿಕೆಟ್ ಹರಿಯುತ್ತ ಮುಂದೆ ಹೋಗುವಾಗ ರಾಜೇಂದ್ರ ಆ ಕಾಲಿಗೆ ಎಡವಿದ. ತಿರುಗಿ ಬರುವಾಗ ಮತ್ತೊಮ್ಮೆ ಎಡವಿ, ಚೀಲದ ಚಿಲ್ಲರೆ, ಮೀನು ಮಾರಿ ಮರಳುತ್ತಿದ್ದ ಬೆಳಗಿನ ಬುಟ್ಟಿಯವಳ ಮಡಿಲಿಗೆ ಚೆಲ್ಲಿತು.

"ದುಗ್ಗಪ್ಪಣ್ಣ, ಕಾಲ್ ಚೂರ್ ತೆಗಿನಿ ಮರಾಯ್ರೆ!"

"ತೆಗೀತಿಲ್ಲ" ಎಂದ ದುಗ್ಗಪ್ಪ ಕಣ್ಣು ಮುಚ್ಚಿಕೊಂಡೇ. "ಎಂಜಿನಿಯರಿನ ಅಪ್ಪ ಅಲ್ದಾ ನೀನ್? ಹಾರ್ಕಂಡ್ ಹೋಗ್."

ರಾಜೇಂದ್ರ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಹಾರಿದ.